ಎರಡು ಬೆರಳು ಮಣ್ಣು

ಎಸ್ಟೋನಿಯಾ. ಮುಹು ದ್ವೀಪದ ತೆಂಕಣ ದಂಡೆ. ಜೂನ್.
ಮುಳುಗಲು ಮನಸ್ಸಿಲ್ಲದ ಸೂರ್ಯ
ರಾತ್ರಿ ಒಂಬತ್ತಕ್ಕೂ ಕಲ್ಲುಬೇಲಿಯ ಮೇಲೆ ಕೂತಿದ್ದಾನೆ.

ವಿಲ್ವೆ ಕಿಸೆಯಿಂದ ದಬ್ಬಣ ತೆಗೆದಳು.
"ನಡೆಯುವ ಮೊದಲು ಇದನ್ನು ನೆಲಕ್ಕೆ ಚುಚ್ಚು."
ಚುಚ್ಚಿದೆ.
ಅರ್ಧವೂ ಇಳಿದಿರಲಿಲ್ಲ,
ಟಕ್ ಎಂದಿತು ಕಲ್ಲು.
"ಅಷ್ಟೇ ನಮ್ಮ ಆಸ್ತಿ. ಎರಡು ಬೆರಳು ಮಣ್ಣು.
ಕೆಳಗೆಲ್ಲ ಸುಣ್ಣ."

ನೇಗಿಲು ಇಳಿಯದ ನೆಲ, ಆಲೂಗಡ್ಡೆ ಒಲ್ಲದ ನೆಲ,
ಹೆಣ ಹೂಳಲೂ ಸಾಲದ ನೆಲ.
ಅದರದೇ ಒಂದು ಅಂಗೈಯಗಲದಲ್ಲಿ
ಹದಿನಾಲ್ಕು ಬಗೆಯ ಗಿಡವಿದೆ ಅಂದಳು.
ನಾನು ಎಣಿಸಿದ್ದು ಐದು.
ಉಳಿದ ಒಂಬತ್ತಕ್ಕೆ ಮಂಡಿಯೂರಬೇಕಾಯಿತು,
ಆಮೇಲೆ ಮೊಣಕೈ, ಆಮೇಲೆ ಗಲ್ಲ.
ಥೈಮ್ ಎಲೆ ಮೂಗಿಗೆ ತಾಗಿ ಸೀನಿದೆ.
ಉಗುರಿನಷ್ಟೂ ಇಲ್ಲದ ಹಳದಿ ಹೂವೊಂದು
ಆ ಗಾಳಿಗೆ ತಲೆ ಹಾಕಿ
ಮತ್ತೆ ನೆಟ್ಟಗಾಯಿತು.

ಹಾದಿ ಅನ್ನುವುದು ಇಲ್ಲಿ ಬರೀ ಊಹೆ:
ಬಿಳಿ ಬಣ್ಣ ಬಳಿದ ಒಂದು ಕಲ್ಲು,
ಅಲ್ಲಿಂದ ಕಣ್ಣಿಗೆ ಬೀಳುವ ಇನ್ನೊಂದು.
ನಡುವೆ ಚಪ್ಪಡಿಯ ಮೇಲೆ ಬೂಟು ಜಾರಿತು.
ಬಗ್ಗಿ ನೋಡಿದರೆ ಚಪ್ಪಡಿ ತುಂಬ
ಜೇನುಹುಟ್ಟಿನಂಥ ಹವಳದ ಗೂಡು.
ಜಾರಿದ್ದು ಯಾವ ಕಾಲದ ಕಡಲ ತಳದಲ್ಲೋ!
ಮುಟ್ಟಿದೆ. ಬೆಚ್ಚಗಿತ್ತು,
ಈಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯ ಹಾಗೆ.

ಅರ್ಧ ಮೈಲಿಗೆ ಬಯಲು ಮುಗಿದೇ ಹೋಯಿತು.
ಎದುರಿಗೆ ಜ್ಯೂನಿಪರ್. ಸೊಂಟದೆತ್ತರ, ಆಳೆತ್ತರ,
ಒಂದಕ್ಕೊಂದು ಮುಳ್ಳು ಹೆಣೆದು ನಿಂತದ್ದು.
ಬುಡದಲ್ಲಿ ಕತ್ತಲು. ದುಂಬಿಯ ಸದ್ದೂ ಇಲ್ಲ.
"ಎಂಥ ಚೆಂದದ ಕಾಡು!" ಅಂದೆ.

ಅವಳು ನಕ್ಕಳು, ಬಾಯಿಗೆ ಸಿಕ್ಕ ಉಣ್ಣೆಯೆಳೆ ಉಗುಳುವಂತೆ.
"ಕುರಿ ಬಾರದ ದಿನಗಳು ಇವು.
ಒಂದೊಂದೇ ಬೆಳೆದು ಹೀಗೆ ನಿಂತಿವೆ.
ಈ ದಾರಿಗೆ ಸುಂಕ ಇದೆ, ಗೊತ್ತಲ್ಲ?
ನಡೆದವರು ಒಂದು ಕಡಿದು ಹೋಗಬೇಕು."

ಗರಗಸ ಕೈಗೆ ಬಂತು.
ಗಿಡ ನೆಡಿ, ಗಿಡ ನೆಡಿ ಅಂತ
ಶಾಲೆಯಿಂದಲೂ ಕೇಳಿ ಕೇಳಿ ಬೆಳೆದ ಕೈ,
ಮೊದಲ ಎಳೆತಕ್ಕೆ ಹಿಂಜರಿಯಿತು.
ಎರಡನೆಯದಕ್ಕೆ ಪರಿಮಳ:
ಹೊಸ ಪೆನ್ಸಿಲ್ಲು, ಕರ್ಪೂರ,
ಹೊಗೆಗೆ ನೇತುಹಾಕಿದ ಮೀನು.
ಮುಂಗೈ ದಪ್ಪದ ಕಾಂಡಕ್ಕೆ ಕಾಲು ಗಂಟೆ ಬೆವರಿದೆ.

ಹೆಬ್ಬೆರಳು ನೆಕ್ಕಿ ಅವಳು ಕಡಿದ ಮುಖ ಒರೆಸಿದಳು.
ದಬ್ಬಣದ ತುದಿಯಲ್ಲಿ ಉಂಗುರ ಎಣಿಸಿದಳು,
ಹೊರಗಿನಿಂದ ಒಳಗೆ, ತುಟಿ ಅಲ್ಲಾಡಿಸುತ್ತ.
ನಲವತ್ತಾರಕ್ಕೆ ದಬ್ಬಣ ನಿಂತಿತು.
ಮತ್ತೆ ಮೊದಲಿನಿಂದ ಎಣಿಸಿದಳು. ನಲವತ್ತಾರು.

"ಆ ವರ್ಷ ಅಮ್ಮ ಹನ್ನೊಂದು ಕುರಿ ಮಾರಿದಳು.
ನನಗೊಂದು ಹೊಲಿಗೆ ಯಂತ್ರ ಬೇಕಿತ್ತು.
ಹದಿನಾರು ವಯಸ್ಸು. ಮೂರು ದಿನ ಊಟ ಬಿಟ್ಟಿದ್ದೆ.
ಹೆಲ್ದುರನ ಅಪ್ಪ ಬಂದು ಹೊಡೆದುಕೊಂಡು ಹೋದ.
ಕೊನೆಯ ಕುರಿ ಈ ಬೇಲಿಯ ಹತ್ತಿರ
ತಿರುಗಿ ಕೂಡ ನೋಡಲಿಲ್ಲ. ಕುರಿಗಳು ನೋಡುವುದಿಲ್ಲ."

ಮುಂದೆ ಮೂವತ್ತು ವರ್ಷ
ಊರಿನ ಮದುವೆಯ ಬಟ್ಟೆಯೆಲ್ಲ ಅವಳದೇ ಹೊಲಿಗೆ.
ಇತ್ತ ಬಯಲಿನ ಮೇಲೆ
ಯಾರೂ ತುಳಿಯದ ಯಂತ್ರವೊಂದು
ಹಸಿರು ದಾರದಲ್ಲಿ, ಸದ್ದಿಲ್ಲದೆ,
ಹೂವಿನ ಬಾಯಿ ಹೊಲಿಯುತ್ತ ಬಂದಿತ್ತು.

ತಪ್ಪಾಯಿತು ಅನ್ನಿಸುತ್ತದೆಯೇ ಅಂತ ಕೇಳಿದೆ;
ಕೇಳಬಾರದಿತ್ತು.
ಅವಳು ಬಾನಾಡಿಯ ಕಡೆ ಕಿವಿಗೊಟ್ಟಳು ಸ್ವಲ್ಪ ಹೊತ್ತು.
"ಆ ಯಂತ್ರ ಈಗಲೂ ಓಡುತ್ತೆ," ಅಂದಳು.

ಪೊದೆ ಎಳೆದು ಹಾಕಿದ ಮೇಲೆ ಉಳಿದದ್ದು
ಬೋಳು ಬಳಪದಂಥ ಒಂದು ವೃತ್ತ.
ನಲವತ್ತಾರು ವರ್ಷದ ಮೇಲೆ ಬಿಸಿಲು,
ಅದೂ ಇಳಿಹೊತ್ತಿನದು, ಓರೆಯಾಗಿ ಬಂದು ಕೂತಿತು.
ವಿಲ್ವೆ ದಬ್ಬಣವಿದ್ದ ಅದೇ ಕಿಸೆಗೆ ಕೈ ಹಾಕಿ
ಒಂದು ಮುಷ್ಟಿ ಕುರಿ ಹಿಕ್ಕೆ ತೆಗೆದಳು.
ಹೆಲ್ದುರ್ ಮರಳಿ ಕೊಟ್ಟ ಹಿಂಡಿನದು.
"ಬೀಜ ಇದರಲ್ಲೇ ಇದೆ," ಅಂದು
ಅಕ್ಷತೆ ಹಾಕಿದ ಹಾಗೆ ಬೀರಿ
ಕೈ ಒರೆಸಿಕೊಂಡಳು ಲಂಗಕ್ಕೆ,
ತಾನೇ ಹೊಲಿದ,
ಅಂಚು ಎರಡು ಸಲ ಬಿಚ್ಚಿ ಮಡಿಸಿದ ಲಂಗಕ್ಕೆ.