ಹನ್ನೆರಡನೇ ಚೌಕ

ಸಿರುಗುಪ್ಪದ ತಹಸೀಲು ಕಚೇರಿ ಎದುರಿಗೆ
ಪಹಣಿ ತೆಗೆದುಕೊಡುವ, ಆಧಾರ್ ತಿದ್ದಿಕೊಡುವ
ಒಂದೂವರೆ ಆಳಗಲದ ಅಂಗಡಿ ನನ್ನದು.
ಸರ್ವರ್ ಸತ್ತುಬಿದ್ದ ಒಂದು ಮಧ್ಯಾಹ್ನ
ಸುಮ್ಮನೆ ಕೂಡಲಾರದೆ ಊರ ಫೋನುಗಳಿಗೆಲ್ಲ ಕಳಿಸಿಬಿಟ್ಟೆ:
ತಾಲೂಕಿನ ಮೆಚ್ಚಿನ ಹಕ್ಕಿ ಯಾವುದು? ಒತ್ತಿರಿ.
ಒಂದು ಫೋನಿಗೆ ಒಂದೇ ಓಟು.
ಭಾನುವಾರ ರಾತ್ರಿ ಹತ್ತಕ್ಕೆ ಮುಕ್ತಾಯ.

ಹನ್ನೆರಡು ಚೌಕ, ಹನ್ನೆರಡು ಹೆಸರು,
ಹನ್ನೊಂದು ಚಿತ್ರ.

ಎರ್ಲಡ್ಡು ಹಕ್ಕಿಯ ಚಿತ್ರ ಸಿಗದೆ ಅಲ್ಲ,
ಸಿಕ್ಕವೆಲ್ಲ ರಾಜಸ್ಥಾನದವು.
ಒಬ್ಬರ ಹೆಸರಿಗೆ ಇನ್ನೊಬ್ಬರ ಮುಖ ಬಂದರೆ
ಎಷ್ಟು ಅಲೆದಾಟ ಅಂತ
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಚೌಕ ಖಾಲಿ ಬಿಟ್ಟೆ.

ಚಿಕನ್ ಸೆಂಟರಿನ ಮೌಲಾಸಾಬ್ ಬಂದ ಜಗಳಕ್ಕೆ:
'ಜವಾರಿ ಕೋಳಿ ಯಾಕಿಲ್ಲ ಪಟ್ಟಿಯೊಳಗ?
ಈ ಊರು ಅದಕ್ಕಿಂತ ಹೆಚ್ಚು
ಯಾವ ಹಕ್ಕೀನ ಪ್ರೀತಿ ಮಾಡೇತಿ, ಹೇಳವಾ ನೋಡೂಣು!'
ಕಾಲುವೆ ಕೆಳಗಿನ ಭತ್ತದ ಗದ್ದೆಯ ದೊಡ್ಡಬಸಪ್ಪ
ಫೋನು ತಿರುವಿ ತಿರುವಿ ನೋಡಿ ಕೇಳಿದ:
'ಅಷ್ಟೂ ಹಕ್ಕಿಗಳ ವಿರುದ್ಧ ಒತ್ತೋದು ಎಲ್ಲಿ?'

ಶುಕ್ರವಾರ ನಡುರಾತ್ರಿ ಎರಡೂ ಹತ್ತಕ್ಕೆ
ಒಮ್ಮೆಲೇ ಅರವತ್ಮೂರು ಓಟು ಹದ್ದಿಗೆ.
ಹಾಸ್ಟೆಲಿನ ಎರ್ರಿಸ್ವಾಮಿ,
ಮಲಗಿದವರ ದಿಂಬಿನಡಿಯ ಫೋನು ಒಂದೊಂದೇ ಎಳೆದು
ಅವರದೇ ಬೆರಳಿಂದ ಬೀಗ ತೆಗೆದು ಒತ್ತಿದ್ದನಂತೆ.
ಅವನ ಕ್ರಿಕೆಟ್ ತಂಡದ ಹೆಸರು ಈಗಲ್ಸ್.
ರದ್ದು ಮಾಡಿದೆ. ಮೂರು ದಿನ ಅಂಗಡಿ ಮುಂದೆ
ಹಾರ್ನು ಹೊಡೆದುಕೊಂಡೇ ಓಡಾಡಿದ.

ಬಸ್‌ಸ್ಟ್ಯಾಂಡಿನ ಕಂಟ್ರೋಲರು ಮೆಲ್ಲಗೆ ಬಂದು ಅಂದರು:
'ನಮ್ಮಪ್ಪನ ತಿಥಿಗೆ ಎಡಿ ಇಟ್ಟು ಮೂರು ತಾಸು ಕಾದೆ, ಮುಟ್ಟಲಿಲ್ಲ.
ಬದುಕಿದ್ದಾಗಲೂ ಹಂಗೇ, ಕರೆದರೆ ಊಟಕ್ಕೆ ಬರ್ತಿರಲಿಲ್ಲ.
ಆದ್ರೂ ಕಾಗಿಗೇ ಹಾಕೀನಿ.'

ಭಾನುವಾರ ಎಣಿಸಿದೆ.
ಗೆದ್ದದ್ದು ನವಿಲು, ಅದರಲ್ಲೇನು.
ಗುಬ್ಬಿ ಎರಡನೆಯದು. ಮೂರನೆಯದು
ಚಿತ್ರವೇ ಇಲ್ಲದ ಚೌಕ: ನಲವತ್ತೊಂದು!
ಎದೆ ಹಾರಿತು. ಇಷ್ಟು ಜನ ಕಂಡಿದ್ದಾರೆಯೇ
ಎರೆನೆಲದ ಆ ಎತ್ತರದ ಕತ್ತನ್ನು?
ಗೊತ್ತಿದ್ದವರಿಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ.
ನಗುತ್ತ ಹೇಳಿದರು:
'ಅದು ನೋಟಾ ಅಲ್ಲೇನು?'

ಮಂಗಳವಾರ ಹುಲಿಗೆಮ್ಮ ಬಂದಳು,
ಕುರಿಯ ವಾಸನೆ, ಕಂಬಳಿ, ಕೈಯಲ್ಲಿ ಕೋಲು.
ವಿಧವಾ ವೇತನ ನಿಂತು ಐದು ತಿಂಗಳು,
ಬದುಕಿದ್ದೇನೆಂದು ಹೆಬ್ಬೆರಳಿಟ್ಟು ತೋರಿಸಬೇಕು.
ಹಗ್ಗ ಎಳೆದು ಸವೆದ ಬೆರಳು,
ಯಂತ್ರ ಮೂರು ಸಲ ಒಲ್ಲೆ ಅಂದಿತು.
ನಡುವೆ ಪರದೆಯ ಮೇಲಿನ ಚೌಕಗಳನ್ನು ನೋಡಿ
'ಇವೇನ ತಂಗಿ?' ಅಂದಳು. ಓದಿ ಹೇಳುತ್ತಾ ಹೋದೆ.
ಹನ್ನೆರಡಕ್ಕೆ ಬಂದಾಗ ಕೋಲು ಗೋಡೆಗೆ ಒರಗಿಸಿದಳು.

'ಅದಾ! ಅದು ಹಾರಾಕ ಮೊದಲು ಓಡತೈತಿ,
ಬಸ್ಸು ತಪ್ಪಿದ ಗೌಡ್ರಂಗ.
ಕುರಿಗಿ ಹೆದರಂಗಿಲ್ಲ, ನಾಯಿಗಿ ಹೆದರತೈತಿ.
ಹೋದ ಹುಣ್ಣಿಮಿ ಎಡಬಲಕ ನಿಂತಿತ್ತು, ಒಂದ.'

ಎಲ್ಲಿ? ಅಂದೆ, ಎದ್ದೇ ನಿಂತು.
ಆಕೆ ತನ್ನ ಕಾಲ ಬೆರಳು ನೋಡಿಕೊಂಡಳು.
'ಹೇಳಿದ್ರ ನಾಳೆ ನೀವೆಲ್ಲ ಬೈಕು ಹತ್ತಿ ಬರ್ತೀರಿ.'

ಓಟು ಮುಗಿದಿತ್ತು. ಆದರೂ ಫೋನು ಕೊಟ್ಟೆ.
ಖಾಲಿ ಚೌಕದ ಮೇಲೆ ಬೆರಳಿಟ್ಟು
ತೆಗೆಯಲೇ ಇಲ್ಲ ಬಹಳ ಹೊತ್ತು,
ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ.

ಆಮೇಲೆ ಬೆರಳಿಗೆ ಕೊಬ್ಬರಿಎಣ್ಣೆ ಸವರಿ, ಒರೆಸಿ,
ನಾಲ್ಕನೇ ಸಲ ಇಡಿಸಿದೆ.
ಯಂತ್ರ ಹಸಿರಾಯಿತು.

'ಅದೀನಂತಾ?' ಕೇಳಿದಳು.
ಅದೀ, ಅಂದೆ.