ಚೆಲ್ಲಿದ ಮಂಡಕ್ಕಿಯ ಲೆಕ್ಕ

ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಓಡಿಸಿ ಬೇಸತ್ತ
ಎರಡೇ ಸೀಟಿನ ಕೆಂಪು ಕಾರು
ಈಗ ನಮ್ಮ ಭಟ್ಟಿಯ ಮುಂದೆ, ಹೊಟ್ಟಿನ ರಾಶಿಯ ಪಕ್ಕ
ನಿಂತಿದೆ, ತಪ್ಪು ಸ್ಟಾಪಿನಲ್ಲಿ ಇಳಿದವರಂತೆ.

ಸ್ಪ್ರಿಂಗು ಬದಲಿಸಿ ಅಂದರು ಕಾರು ಬಲ್ಲ ಗೆಳೆಯರು.
ಒಂದು ಇಂಚು ಇಳಿಸಿ, ಗಟ್ಟಿ ಮಾಡಿಸಿ,
ಶಾಕ್ ಅಬ್ಸಾರ್ಬರಿನ ನೆತ್ತಿಯಲ್ಲೊಂದು ತಿರುಪು ಇರುತ್ತದೆ,
ಇಪ್ಪತ್ನಾಲ್ಕು ಕ್ಲಿಕ್ಕು, ನಿಮ್ಮ ಮನಸ್ಸಿಗೆ ತಕ್ಕಂತೆ.
ನನ್ನ ಮನಸ್ಸಿಗೆ ಇಪ್ಪತ್ನಾಲ್ಕು ಹಂತ ಇದೆಯೆಂದು
ಐವತ್ಮೂರು ವರ್ಷ ಯಾರೂ ಹೇಳಿರಲಿಲ್ಲ.

ಬೆಲೆ ಕೇಳಿ ನಾಗವೇಣಿ ಅಂದಳು:
"ಆ ದುಡ್ಡಿಗೆ ನಮ್ಮ ಓಣಿ ರಸ್ತೆನೇ ನೆಟ್ಟಗಾಗ್ತಿತ್ತಲ್ರೀ."

ಬುಡೇನ್ ಸಾಬ್ರು ನಗಲಿಲ್ಲ.
ಜ್ಯಾಕ್ ಏರಿಸಿ, ಟಾರ್ಚು ಹಿಡಿದು, ಕಾರಿನ ಅಡಿಯಿಂದಲೇ ಕೇಳಿದರು:
"ರೇಸಿಗೆ ಹೋಗ್ತೀರಾ?"
ಇಲ್ಲ.
"ಮತ್ತೆಲ್ಲಿಗೆ?"
ಮಂಡಿಪೇಟೆಗೆ. ಬ್ಯಾಂಕಿಗೆ. ಭಾನುವಾರ ದೋಸೆಗೆ.
ಒಮ್ಮೊಮ್ಮೆ, ಯಾರಿಗೂ ಹೇಳದೆ, ಹೈವೇಗೆ.

ಹರಿಹರದ ಹುಡುಗನೊಬ್ಬನಿಂದ ಆ ಸೆಟ್ಟನ್ನು ಎರವಲು ತಂದರು.
"ಮಾತು ಬ್ಯಾಡ ಸಾವ್ಕಾರ್ರೆ, ಅಳತೆ ಮಾಡೋಣ."
ಪಕ್ಕದ ಸೀಟಿನ ಮೇಲೆ ಸ್ಟೀಲಿನ ಬೋಗುಣಿ,
ಅದರ ತುಂಬ, ಕಂಠಮಟ್ಟ, ಅಂದೇ ಹುರಿದ ಮಂಡಕ್ಕಿ.
ಇದಕ್ಕಿಂತ ಹಗುರ ಸಾಕ್ಷಿ ದಾವಣಗೆರೆಯಲ್ಲಿ ಸಿಕ್ಕೀತೆ?

ಮೊದಲ ವಾರ ಹಳೆಯ ಸ್ಪ್ರಿಂಗು.
ಭಟ್ಟಿಯಿಂದ ಹದಡಿ ರಸ್ತೆಯ ತುದಿಯವರೆಗೆ
ಹನ್ನೊಂದು ಉಬ್ಬು, ಎರಡಕ್ಕೆ ಮಾತ್ರ ಬಿಳಿ ಬಣ್ಣ,
ನೀರಿನ ಪೈಪಿಗೆಂದು ಅಗೆದು ಅರ್ಧ ಮುಚ್ಚಿದ ಸೀಳು,
ಗುಂಡಿ ಲೆಕ್ಕಕ್ಕಿಲ್ಲ, ಮಳೆ ಬಂದಾಗೆಲ್ಲ ವಿಳಾಸ ಬದಲಿಸುತ್ತವೆ.
ಚೆಲ್ಲಿದ್ದು ಒಂದು ಹಿಡಿ.

ಮರುವಾರ ಗಟ್ಟಿ ಸ್ಪ್ರಿಂಗು, ನಡುವಿನ ಕ್ಲಿಕ್ಕು.
ನಾಲ್ಕನೇ ಉಬ್ಬಿಗೇ ಹೊಟ್ಟೆ ಉಜ್ಜಿತು,
ಸ್ಲೇಟಿನ ಮೇಲೆ ಒಣ ಬಳಪ ಕಿರುಗುಟ್ಟಿದ ಸದ್ದು;
ಎಳನೀರಿನವನು ಎತ್ತಿದ ಮಚ್ಚು ಎತ್ತಿದಂತೆಯೇ ತಿರುಗಿ ನೋಡಿದ.
ಮಂಡಕ್ಕಿ ಎದ್ದು ನಿಂತಿತು, ನಿಜವಾಗಿಯೂ, ಗಾಳಿಯಲ್ಲಿ,
ಒಂದು ಕ್ಷಣ ಅದೂ ನಾನೂ ಸೀಟು ಬಿಟ್ಟಿದ್ದೆವು.
ಚೆಲ್ಲಿದ್ದು ಒಂದೂವರೆ ಸೇರು.
ಸೊಂಟದ್ದು ಅಳೆಯಲಿಲ್ಲ.

ತೀರ್ಪು ಆಯಿತಲ್ಲ ಅಂದೆ.
"ಇನ್ನೊಂದು ಸಾಕ್ಷಿ ಐತೆ" ಅಂದರು ಸಾಬ್ರು.

ನಸುಕಿನ ಐದಕ್ಕೆ, ಬಾತಿ ಗುಡ್ಡದ ಬಳಿ,
ರಸ್ತೆ ಬಲಕ್ಕೆ ಹೊರಳುವಲ್ಲಿ.
ಕಳೆದ ವಾರ ಇಲ್ಲೇ, ಹಳೆ ಸ್ಪ್ರಿಂಗಿನ ಮೇಲೆ,
ಉಂಡು ಗೋಡೆಗೊರಗುವ ಮಾವನ ಹಾಗೆ ವಾಲಿತ್ತು ಕಾರು,
ಬೋಗುಣಿ ಬಾಗಿಲಿಗೆ ಬಡಿದು ಕವುಚಿತ್ತು.
ಈಗ ಟೈರಿಗೂ ಡಾಂಬರಿಗೂ ನಡೆದ ಮಾತನ್ನೆಲ್ಲ
ಸ್ಟಿಯರಿಂಗು ನನ್ನ ಅಂಗೈಗೆ ಹೇಳುತ್ತಾ ಹೋಯಿತು.
ನಾಲ್ಕು ಕಾಳು ಬೋಗುಣಿಯ ಅಂಚಿಗೆ ಬಂದು,
ಹೊರಗೆ ಇಣುಕಿ,
ಒಳಗೇ ಉಳಿದವು.

ಸ್ಕೂಟರಿಗೆ ಒರಗಿ ನಿಂತ ಸಾಬ್ರು ಮೊಬೈಲು ತೋರಿಸಿದರು:
ತಿರುವು ಹೊಕ್ಕು ಹೊರಬೀಳಲು ಹದಿನೇಳು ಸೆಕೆಂಡು.
"ಆರು ದಿನ ಸೊಂಟ, ಒಂದು ದಿನ ಇದು.
ತೂಗೋದು ನಿಮಗೇ ಗೊತ್ತು, ದಿನಾ ತಕ್ಕಡಿ ಹಿಡಿಯೋರು.
ನನಗೆ ಮಜೂರಿ ಎರಡಕ್ಕೂ ಅಷ್ಟೆ."

ಸಾದಾ ಶಾಕು, ಆದರೆ ಹೊಸವು. ನಾಲ್ಕು ಒಳ್ಳೆ ಟೈರು.
ಗಾಳಿ, ಲೆಕ್ಕಕ್ಕೆ ಸರಿಯಾಗಿ. ಇಷ್ಟೇ ಮಾಡಿಸಿದೆ.
ಗಟ್ಟಿ ಸೆಟ್ಟು ಗೋಣಿ ಹೊದ್ದು ಹರಿಹರಕ್ಕೆ ಹೊರಟಾಗ
ಗೋಣಿಯೊಳಗೆ ಕೈ ಹಾಕಿ ತಿರುಪು ತಿರುಗಿಸಿದೆ, ಸುಮ್ಮನೆ,
ಟಿಕ್, ಟಿಕ್, ಇಪ್ಪತ್ನಾಲ್ಕೂ ಎಣಿಸಿ,
ಬುಡೇನ್ ಸಾಬ್ರು ಆ ಕಡೆ ನೋಡುತ್ತಿದ್ದರು.

ಇವತ್ತಿಗೂ ಸೀಟಿನ ಸಂದಿಯಲ್ಲಿ ಮಂಡಕ್ಕಿ ಸಿಗುತ್ತದೆ,
ಮೆತ್ತಗಾದದ್ದು, ನಾಗವೇಣಿಯ ಸೀರೆಗೆ ಅಂಟುತ್ತದೆ.
ಕಳೆದ ಭಾನುವಾರ ದೋಸೆ ಮುಗಿಸಿ, ಕೇಳದೆ, ಬಾತಿಯ ಕಡೆ ತಿರುಗಿಸಿದೆ.
ಅದೇ ತಿರುವು. ಕಾರು ತುಸು ವಾಲಿತು.
ಎಡಗೈ ತಾನಾಗಿ ಹೋಯಿತು, ಬೋಗುಣಿ ಹಿಡಿಯಲು.

"ನಾ ಚೆಲ್ಲಂಗಿಲ್ಲ" ಅಂದಳು,
"ರಸ್ತೆ ನೋಡ್ರಿ."