ಮೊದಲು

ಪ್ರಶ್ನೆಯ ಕೊನೆಗೆ ಸದಾ ಅದೇ ಮಾತು:
ಸಮಾಜ ಕಾರ್ಯಕರ್ತೆ ಮೊದಲು ಏನು ಮಾಡಬೇಕು?
ಎ, ಬಿ, ಸಿ, ಡಿ.
ನಾಲ್ಕೂ ಸರಿಯೇ. ಒಂದು ಮಾತ್ರ ಮೊದಲು.

ಡುಲುತ್ ಬಂದರಿನ ರಾತ್ರಿ ಆಶ್ರಯದಲ್ಲಿ
ಮೇಜಿನ ಹಿಂದೆ ಕೂತು ಕಾರ್ಡು ಮಗುಚುತ್ತೇನೆ.
ಅದಿರಿನ ಹಡಗಿನ ಅಡುಗೆಮನೆಯಲ್ಲಿ
ಹತ್ತೊಂಬತ್ತು ವರ್ಷ ಪ್ಯಾನ್‌ಕೇಕು ಮಗುಚಿದ ಕೈ ಇದು.
ಕಾರ್ಡಿಗೂ ಎರಡು ಮೈ,
ಒಂದು ಸೀಯುವುದು ಬೇಗ.

ಪರೀಕ್ಷೆಗೆ ಕಟ್ಟಿರುವುದು ಇದು ಮೂರನೆಯ ಸಲ.
ಹಿಂದಿನ ಸಲ ನಾಲ್ಕು ಅಂಕ ಕಡಿಮೆ.
ನಾಲ್ಕೇ ನಾಲ್ಕಮ್ಮ, ಅಂದಳು ಮಗಳು ಸಮಾಧಾನಕ್ಕೆ.
ಸೇತುವೆಯ ಬಾಯಿಗೆ ಹಡಗು
ನಾಲ್ಕಡಿ ತಪ್ಪಿದರೂ ತಪ್ಪಿದ್ದೇ, ಅಂದೆ.

ಮೇಲ್ವಿಚಾರಕಿ ರೋಸೆಲ್ಲಾಗೆ ನನ್ನ ರೋಗ ಗೊತ್ತು:
'ಐಲಾ, ಪ್ರಶ್ನೆಯಲ್ಲಿ ಇಲ್ಲದ್ದನ್ನು ಒಳಗೆ ತರಬೇಡ.
ಕಾಗದದ ಮೇಲಿನವನಿಗೂ
ಕಾಫಿ ಬಗ್ಗಿಸುತ್ತೀ ನೀನು.'

ಮೊದಲು, ಎಂದು ಗಟ್ಟಿಯಾಗಿ ಓದಿದರೆ
ತೊದಲು ಬರುತ್ತದೆ.
ಬದಲು ಬೇರೇನಾದರೂ ಕೇಳಬಾರದೇ ಇವರು,
ಕೊನೆಗೆ ಏನು ಮಾಡಿದಿರಿ, ಅಂತ?

ನೂರಾ ಹನ್ನೆರಡನೆಯ ಕಾರ್ಡು.
ಗಂಡಸು, ಐವತ್ತೆಂಟು. ಹೆಂಡತಿ ತೀರಿ ಆರು ವಾರ.
ನಿದ್ದೆ ಇಲ್ಲ. ತನ್ನ ಹತ್ಯಾರುಗಳನ್ನೆಲ್ಲ
ಅಣ್ಣನ ಮಗನಿಗೆ ಕೊಟ್ಟುಬಿಟ್ಟಿದ್ದಾನೆ.
ಮೊದಲು?

ಈ ಕಾರ್ಡಿನ ಬೆನ್ನು ನೋಡುವುದು ಬೇಕಿಲ್ಲ ನನಗೆ.

ಎಂಜಿನ್ ಕೋಣೆಯ ಆರ್ಡೆಲ್,
ಚಳಿಗಾಲಕ್ಕೆ ಕಾಲುವೆ ಮುಚ್ಚುವ ಮೊದಲಿನ ಕೊನೆಯ ಪಯಣದಲ್ಲಿ
ತನ್ನ ರೇಡಿಯೋ ತಂದು ಒಲೆಯ ಪಕ್ಕ ಇಟ್ಟ.
'ಇಟ್ಕೋ. ನನಗಿನ್ನು ಯಾಕೆ.'
ಥ್ಯಾಂಕ್ಸ್ ಅಂದೆ. ಬ್ಲೂಬೆರಿ ಪೈ
ಎರಡನೆಯ ತುಂಡು ಹಾಕಿದೆ, ದೊಡ್ಡದೇ.
ಅವನು ತಟ್ಟೆ ತೊಳೆದಿಟ್ಟು ಹೋದ.
ವಸಂತಕ್ಕೆ ಹಡಗು ಹೊರಟಾಗ
ಅವನ ಬಂಕಿನಲ್ಲಿ ಬೇರೆ ಯಾರೋ, ಎಳೆಯ ಹುಡುಗ.

ಉತ್ತರ ಬಿ:
ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದು.
ಅಷ್ಟೇ. ಒಂದು ಸಾಲು.
ಪರೀಕ್ಷೆಯನ್ನು ಎಷ್ಟು ಬೈದಿದ್ದೇನೋ,
ಶುಲ್ಕಕ್ಕೆ, ಆ ಕೋಣೆಗೆ, ಜೇಬು ಹೊರಗೆಳೆದು
ಕನ್ನಡಕ ಬಿಚ್ಚಿ ತೋರಿಸುವ ಅವಮಾನಕ್ಕೆ;
ಈ ಒಂದು ಕಾರ್ಡನ್ನು ಬೈಯಲಾಗಿಲ್ಲ.
ಪೈ ಎನ್ನುವ ಆಯ್ಕೆ ಅದರಲ್ಲಿ ಇಲ್ಲ.
ಇರಬೇಕಿತ್ತು ಅಂತಲೂ ಈಗ ಹೇಳಲಾರೆ.

ರಾತ್ರಿ ಎರಡೂವರೆಗೆ ಗಂಟೆ ಬಾರಿಸಿತು.
ಬಾಗಿಲಲ್ಲಿ ಒಬ್ಬ, ಗಡ್ಡದ ತುಂಬ ಹಿಮ,
ಬೂಟಿಗೆ ಹಗ್ಗ ಕಟ್ಟಿದ್ದಾನೆ.
ಮಂಚ ಖಾಲಿ ಇಲ್ಲ, ಚಾಪೆ ಇದೆ, ಅಂದೆ.
ಒಣ ಕಾಲುಚೀಲ ಕೊಟ್ಟೆ, ಎರಡು ಜೊತೆ.
ಅವನು ಹಾಕಿಕೊಳ್ಳುವಷ್ಟು ಹೊತ್ತು ಕಾದು
ಎದುರಿಗೆ ಕುರ್ಚಿ ಎಳೆದು ಕೂತು
ಕೇಳಿದೆ, ನೇರವಾಗಿ, ಆ ಒಂದು ಸಾಲು.
ಬಾಯಿ ಒಣಗಿತ್ತು. ತೊದಲಲಿಲ್ಲ.

ಅವನು ನನ್ನನ್ನೇ ನೋಡಿದ ತುಸು ಹೊತ್ತು.
'ಹೋದ ವಾರ ಇತ್ತು,' ಅಂದ.
'ಇವತ್ತು ಬರೀ ಚಳಿ.'

ಆಮೇಲೆ ಮಾತಾಡಿದೆವು. ಅದು ಇಲ್ಲಿ ಬೇಡ,
ಗುಟ್ಟು ಕಾಯುವುದೂ ಪಠ್ಯದಲ್ಲಿದೆ.

ನಾಲ್ಕು ಗಂಟೆಗೆ ಕಾರ್ಡಿನ ಕಟ್ಟು ನೋಡಿ
'ಇಸ್ಪೀಟಾ?' ಅಂದ.
ಒಂಥರಾ, ಅಂದೆ.
ಒಂದನ್ನು ಎಳೆದು, ದೂರಕ್ಕೆ ಹಿಡಿದು, ಓದಿದ:
ಕುಟುಂಬವೊಂದು ಜಗಳವಾಡುತ್ತ ಕಚೇರಿಯೊಳಕ್ಕೆ ಬರುತ್ತದೆ.
ಸಮಾಜ ಕಾರ್ಯಕರ್ತೆ ಮೊದಲು ಏನು ಮಾಡಬೇಕು?

'ಬಾಗಿಲು ಹಾಕಬೇಕು,' ಅಂದ. 'ಗಾಳಿ ಬರ್ತಿದೆ.'

ಎದ್ದು ಹೋಗಿ ನೋಡಿದೆ.
ನಿಜ, ಚಿಲಕ ಸರಿಯಾಗಿ ಕೂತಿರಲಿಲ್ಲ.
ಗುರುವಾರ ಒಂಬತ್ತಕ್ಕೆ ಪರೀಕ್ಷೆ.